ಛಾಯಾಚಿತ್ರವೂ ಸತ್ಯಾಣುವ್ರತವೂ

ಕಜಾಕಸ್ತಾನದ ಬೈಕನೂರಿನಿಂದ ಹಾರುವ ಪ್ರೋಟಾನ್ ರಾಕೆಟ್ಟುಗಳ ಕೆಳಹಂತಗಳು ಅಲ್ಲಿನ ಹುಲ್ಲುಬಯಲಿನಲ್ಲೇ ಬೀಳುತ್ತ ಬಂದಿವೆ. ಅವುಗಳ ಇಂಧನವಾದ ಹೆಪ್ಟೈಲ್ ಕಡುವಿಷ. ಕುರಿ, ಕುದುರೆ ಸಾಕುವ ಹಳ್ಳಿಗರ ಈ ಬಾಳನ್ನು ಸೆರೆಹಿಡಿಯಲು ಛಾಯಾಗ್ರಾಹಕರು ದೂರದಿಂದ ಬರುತ್ತಾರೆ, ಬರಲೇಬೇಕು. 2015ರ ಮೇ ತಿಂಗಳಲ್ಲಿ ಆ ನಾಡಿನಲ್ಲಿ ಸೈಗಾ ಎಂಬ ಹುಲ್ಲೆಗಳು ಎರಡು ಲಕ್ಷಕ್ಕೂ ಮಿಕ್ಕಿ ಸತ್ತವು. ರಾಕೆಟ್ಟಿನ ವಿಷವೇ ಕಾರಣವೆಂಬ ಶಂಕೆ ಹಬ್ಬಿತು. ಸಂಶೋಧಕರು ಕಂಡದ್ದಾದರೋ ಬೆಚ್ಚನೆಯ ತೇವದ ಹವೆಯಲ್ಲಿ ಕೆರಳಿದ ಬ್ಯಾಕ್ಟೀರಿಯಾ ಸೋಂಕು. ಆ ಹುಲ್ಲೆಯ ಕಳೇಬರವನ್ನೂ ರಾಕೆಟ್ಟಿನ ಲೋಹವನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸಿ ತೋರಿಸಿದರೆ, ತುಟಿ ಬಿಚ್ಚದೆಯೇ ಸತ್ಯಾಣುವ್ರತಕ್ಕೆ ಭಂಗ. ಕರುಣೆಯಿಂದ ಹಾಗೆ ಮಾಡಿದೆನೆಂಬುದು ಸಮಾಧಾನವಾಗದು. ನಾಳೆ ಹಳ್ಳಿಗನು ಹೆಪ್ಟೈಲಿನ ಬಗೆಗೆ ತನ್ನ ನಿಜವಾದ ದೂರನ್ನು ತಂದಾಗ, ಅದೇ ಚಿತ್ರವನ್ನು ಮುಂದೆ ಹಿಡಿದು ಅವನನ್ನೂ ಸುಳ್ಳುಗಾರನೆಂದಾರು.