ಬಿಡಬೇಕಾದುದನ್ನು ಬಿಡುವ ವಿವೇಕ

ಸರ್ವನಾಶವು ಎದುರಾದಾಗ ಅರ್ಧವನ್ನು ತ್ಯಜಿಸುವ ಪಂಡಿತನ ನೀತಿಯನ್ನು ನಾವೆಲ್ಲರೂ ಹಿರಿಯರ ಬಾಯಿಂದ ಕೇಳಿ ಬಲ್ಲೆವು. ಕೇಳುವಾಗ ಅದು ಸುಲಭವೆಂದೇ ತೋರುತ್ತದೆ. ಆದರೆ ತ್ಯಜಿಸಬೇಕಾದ ವಸ್ತುವು ನಮ್ಮದಲ್ಲದೆ ಪರರದಾಗಿದ್ದರೆ? ಉಳಿಸಬೇಕಾದುದೂ ಪರರದೇ ಆಗಿದ್ದರೆ?

ಮುಂಬಯಿಯ ನಮ್ಮ ಓದುಗರಲ್ಲಿ ಹಲವರಿಗೆ 2021ರ ಮೇ 6ರ ರಾತ್ರಿಯ ಸಂಗತಿ ನೆನಪಿರಬಹುದು. ರೋಗಿಯೊಬ್ಬರನ್ನು ಹೊತ್ತು ನಾಗಪುರದಿಂದ ಮೇಲೇರಿದ ಪುಟ್ಟ ಬೀಚ್‌ಕ್ರಾಫ್ಟ್ ವಿಮಾನದ ಗಾಲಿಯೊಂದು ಕಳಚಿ ನೆಲಕ್ಕೆ ಬಿದ್ದಿತು. ವೈದ್ಯರೂ ಸೇರಿ ಒಳಗಿದ್ದವರು ಐವರು. ಮುಂಬಯಿಯಲ್ಲಿ ಓಡುಹಾದಿಗೆ ನೊರೆ ಹರಡಿದರು. ಚಾಲಕರು ಗಾಲಿಗಳ ಹಂಗನ್ನೇ ತೊರೆದು ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿದರು. ಐವರೂ ಕ್ಷೇಮವಾಗಿ ಹೊರಬಂದರು. 2024ರ ಮೇ 13ರಂದು ಆಸ್ಟ್ರೇಲಿಯದ ನ್ಯೂಕ್ಯಾಸಲ್‌ನಲ್ಲಿ ಇಂಥದೇ ಇನ್ನೊಂದು ಘಟನೆ ನಡೆಯಿತು. ಅಲ್ಲಿ ಚಾಲಕನೊಬ್ಬ, ಪ್ರಯಾಣಿಕರಿಬ್ಬರು. ಗಾಲಿಗಳು ಕೆಲಸಕ್ಕೆ ಬಾರದೆ ಹೋದುವೆಂದು ತಿಳಿದ ಮೇಲೆ ವಿಮಾನವು ಮೂರು ಗಂಟೆಗಳಿಗೂ ಮೀರಿ ಆಕಾಶದಲ್ಲಿಯೇ ಸುತ್ತುತ್ತಿದ್ದು, ಬಳಿಕ ಹೊಟ್ಟೆಯ ಮೇಲೆ ಇಳಿಯಿತು. ಇಂಧನವನ್ನು ಸುಟ್ಟು ಮುಗಿಸುವುದೇ ಆ ಸುತ್ತಾಟದ ಉದ್ದೇಶ. ಭಾರ ಕಡಿಮೆಯಾದಷ್ಟೂ ನಿಧಾನವಾಗಿ ಇಳಿಯಬಹುದು. ಬೆಂಕಿಗೆ ಆಹಾರವೂ ಕಡಿಮೆ. ಅಲ್ಲಿಯವರೆಗೆ ಹಾರಿಸುತ್ತಿದ್ದ ಇಂಧನವೇ ಆ ಕ್ಷಣದಿಂದ ಭಯಕ್ಕೆ ಕಾರಣವಾಯಿತೆಂಬುದು ಗಮನಾರ್ಹ.

ಹೀಗೆ ಇಳಿದ ವಿಮಾನದ ರೆಕ್ಕೆಚಕ್ರಗಳು, ಅಂದರೆ ಪ್ರೊಪೆಲ್ಲರುಗಳು, ನೆಲಕ್ಕೆ ಬಡಿದು ಬಾಗುತ್ತವೆ. ಎಂಜಿನನ್ನು ಬಿಚ್ಚಿ ಪರೀಕ್ಷಿಸದೆ ಮತ್ತೆ ಬಳಸುವಂತಿಲ್ಲ. ಯಜಮಾನನಿಗೆ ಅಪಾರ ನಷ್ಟ. ಆದ್ದರಿಂದ ಸಣ್ಣ ವಿಮಾನಗಳ ಚಾಲಕರಲ್ಲಿ ಕೆಲವರು ಇಳಿಯುವ ಮುನ್ನವೇ ಎಂಜಿನನ್ನು ನಿಲ್ಲಿಸಿ ಅದನ್ನು ಉಳಿಸಿಕೊಳ್ಳಲು ಯತ್ನಿಸುವುದುಂಟು. ಬಲ್ಲವರು ಇದನ್ನು ಬೇಡವೆನ್ನುತ್ತಾರೆ. ಅಂದಾಜು ತಪ್ಪಿದರೆ ಮತ್ತೊಮ್ಮೆ ಮೇಲೇರಿ ಪ್ರಯತ್ನಿಸುವ ಅವಕಾಶವೇ ಉಳಿಯುವುದಿಲ್ಲ. ಚಾಲಕನ ವಶಕ್ಕೆ ಯಜಮಾನನು ವಿಮಾನವನ್ನು ಒಪ್ಪಿಸಿದ್ದಾನೆ; ಪ್ರಯಾಣಿಕರು ಪ್ರಾಣವನ್ನು ಒಪ್ಪಿಸಿದ್ದಾರೆ. ಎರಡೂ ನಿಕ್ಷೇಪಗಳೇ ಸರಿ. ಆದರೆ ಎರಡು ನಿಕ್ಷೇಪಗಳು ಸಮಾನವೆಂದು ಭಾವಿಸಿ ಎರಡನ್ನೂ ಕಾಯಹೊರಟವನು ನಮ್ಮ ದೃಷ್ಟಿಯಲ್ಲಿ ಪ್ರಾಮಾಣಿಕನಲ್ಲ, ಅವಿವೇಕಿ. ವಸ್ತುವಿನ ಮೇಲಣ ಮಮಕಾರವು ಇಲ್ಲಿ ಕರ್ತವ್ಯನಿಷ್ಠೆಯ ವೇಷವನ್ನು ತೊಟ್ಟು ಬರುತ್ತದೆ. ಆದುದರಿಂದಲೇ ಅದನ್ನು ಗುರುತಿಸುವುದು ಕಷ್ಟ.

ಮನಸ್ಸು ಅಲ್ಪವಾದುದಕ್ಕೆ ಅಂಟಿಕೊಂಡರೆ ಏನಾಗುವುದೆಂಬುದಕ್ಕೆ 1972ರ ಡಿಸೆಂಬರ್ 29ರ ರಾತ್ರಿ ಅಮೆರಿಕದ ಮಿಯಾಮಿಯ ಬಳಿ ನಡೆದ ದುರಂತ ಸಾಕ್ಷಿ. ಅದು ದೊಡ್ಡ ವಿಮಾನ. ಮುಂಗಾಲಿ ಇಳಿದಿದೆಯೆಂದು ಸೂಚಿಸುವ ಪುಟ್ಟ ದೀಪ ಹೊತ್ತಲಿಲ್ಲ. ಚಾಲಕವರ್ಗದವರೆಲ್ಲ ಆ ದೀಪದ ಚಿಂತೆಯಲ್ಲಿ ಮುಳುಗಿರುವಾಗ ವಿಮಾನವು ಮೆಲ್ಲಮೆಲ್ಲನೆ ಕೆಳಗಿಳಿಯುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. 101 ಮಂದಿ ಅಸುನೀಗಿದರು. ಗಾಲಿಯಾದರೋ ಸರಿಯಾಗಿಯೇ ಇಳಿದಿತ್ತು. ಕೆಟ್ಟಿದ್ದುದು ದೀಪ ಮಾತ್ರ.

ಕ್ಷೇಮವಾಗಿ ಇಳಿಸಿದ ಚಾಲಕನನ್ನು ಲೋಕವು ಕೊಂಡಾಡುತ್ತದೆ, ಅದು ಯುಕ್ತವೇ. ಪ್ರತಿದಿನ ಗಾಲಿಗಳನ್ನು ಒರೆಸಿ, ಬಿಗಿದು, ಪರೀಕ್ಷಿಸಿ ಕಳುಹಿಸುವವನ ಹೆಸರನ್ನು ಮಾತ್ರ ಯಾರೂ ಕೇಳುವುದಿಲ್ಲ. ಅವನ ಕೆಲಸ ಸರಿಯಾಗಿದ್ದಷ್ಟು ದಿನ ಸುದ್ದಿಯೇ ಹುಟ್ಟುವುದಿಲ್ಲವಷ್ಟೆ.

ನ್ಯೂಕ್ಯಾಸಲ್‌ನ ಆ ಇಬ್ಬರು ಪ್ರಯಾಣಿಕರ ವಿಷಯವಾಗಿ ನಾವು ಹೆಚ್ಚಾಗಿ ಆಲೋಚಿಸಿದ್ದೇವೆ. ಚಾಲಕನಿಗಾದರೋ ಕೈತುಂಬ ಕೆಲಸವಿತ್ತು: ವೇಗ, ಎತ್ತರ, ಇಂಧನ, ಕೆಳಗಿನವರೊಡನೆ ಮಾತು. ಅವರಿಬ್ಬರಿಗೆ ಮಾಡತಕ್ಕ ಕಾರ್ಯ ಯಾವುದೂ ಇರಲಿಲ್ಲ. ಬಿಡುವುದಕ್ಕೂ ಹಿಡಿಯುವುದಕ್ಕೂ ಅವರ ಕೈಯಲ್ಲಿ ಏನೂ ಇರದೆ, ಮೂರು ಗಂಟೆಗಳ ಕಾಲ ಕಿಟಕಿಯ ಹೊರಗೆ ಅದೇ ನೆಲ ಮತ್ತೆ ಮತ್ತೆ ಸುತ್ತಿ ಬರುತ್ತಿತ್ತು.