ಕರಕಿ ಹಚ್ಚುವ ವಿದ್ಯೆ

"ಏನ್ ಕಲಸ್ತಾರೋ ತಮ್ಮಾ ಅಲ್ಲಿ?" ಅಂತ ಅಪ್ಪ ಕೇಳಿದ್ದು ನಾನು ಎಂ.ಎಸ್ಸಿ. ಸೇರಿ ಎರಡು ತಿಂಗಳಾದ ಮೇಲೆ. ಲೋಕಾಪುರದ ಮನೆಯ ಕಟ್ಟೆ ಮೇಲೆ ಕೂತು ಚಾ ಕುಡಿಯುತ್ತಿದ್ದೆವು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅನ್ನೋದನ್ನು ಹೇಗೆ ಬಿಡಿಸಿ ಹೇಳಬೇಕೋ ತಿಳಿಯದೆ, ಆ ವಾರ ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದನ್ನೇ ಹೇಳಿದೆ. ಲಾನ್ ಹಾಕೋದು. ಹುಲ್ಲಿನ ಬೇರನ್ನು ತುಂಡು ತುಂಡು ಮಾಡಿ ಸಾಲಾಗಿ ಊರೋದು, ನೀರು ಬಿಡೋದು. ಯಾವ ಹುಲ್ಲು ಅಂದ. ಕರಕಿ ಅಂದೆ.

ಅಪ್ಪ ನಗಲಿಲ್ಲ. "ಅದನ್ನ ಕಿತ್ತೊಗಿಯೂದ್ರಾಗ ನನ್ನ ಅರ್ಧಾ ಜಲ್ಮಾ ಹೋತು" ಅಂದು ಕಪ್ಪು ಕೆಳಗಿಟ್ಟ.

ಎರಿ ಹೊಲ ಮಾಡಿದವರಿಗೆ ಈ ಮಾತಿನ ತೂಕ ಗೊತ್ತು. ಕರಕಿ ಹೊಕ್ಕ ಹೊಲವನ್ನು ಹಸನು ಮಾಡೋದಂದರೆ ಬ್ಯಾಸಗಿಯಲ್ಲಿ ಆಳವಾಗಿ ರಂಟಿ ಹೊಡೆದು, ಹೆಂಟೆ ಒಡೆದು, ಒಂದೊಂದೇ ಬೇರು ಆರಿಸಿ ಬಿಸಿಲಿಗೆ ಒಗೆಯಬೇಕು. ಬೆರಳುದ್ದ ತುಂಡು ಮಣ್ಣಲ್ಲಿ ಉಳಿದರೂ ಮಳೆ ಬಿದ್ದ ಕೂಡಲೇ ಚಿಗುರುತ್ತದೆ. ನಮ್ಮ ಪಠ್ಯಪುಸ್ತಕ ಹೊಗಳೋದು ಇದೇ ಗುಣವನ್ನು. ಸೈನೊಡಾನ್ ಡ್ಯಾಕ್ಟೈಲಾನ್, ಬರ ತಾಳುತ್ತದೆ, ತುಳಿತ ತಾಳುತ್ತದೆ, ತುಂಡಿನಿಂದಲೇ ಹಬ್ಬುತ್ತದೆ. ಒಂದೇ ಹುಲ್ಲು, ಒಂದೇ ಗುಣ. ಒಂದು ಕಡೆ ಕಳೆ, ಇನ್ನೊಂದು ಕಡೆ ಅಂಕ ತರುವ ಬೆಳೆ.

ಇದು ಬರೇ ತಮಾಷೆಯ ಮಾತಾಗಿದ್ದರೆ ನಾನೂ ಮರೆತುಬಿಡುತ್ತಿದ್ದೆ. ಆದರೆ ಆವತ್ತು ರಾತ್ರಿ ಲೆಕ್ಕ ಹಾಕಿದೆ. ಬಿಸಿಲುಗಾಲದಲ್ಲಿ ಲಾನಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಕೊಡೋದು ಅಂತಿಟ್ಟುಕೊಳ್ಳಿ, ಅಂದರೆ ಚದರ ಮೀಟರಿಗೆ 5 ಲೀಟರ್. ಒಂದು ಗುಂಟೆ ಅಂದರೆ 101 ಚದರ ಮೀಟರ್. ದಿನಕ್ಕೆ 500 ಲೀಟರ್, ಮೂವತ್ತಕ್ಕೂ ಹೆಚ್ಚು ಕೊಡ ನೀರು. ಅವ್ವ ಆ ಹೊತ್ತಿಗೆ ಅಂಗಳದ ನಳದ ಕೆಳಗೆ ಕೊಡ ಇಟ್ಟು ನೀರಿನ ದಾರಿ ಕಾಯುತ್ತಿದ್ದಳು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಎರಡು ಬಾಗಿಲು. ಒಂದು ಆರ್ಕಿಟೆಕ್ಚರ್ ಕಡೆಯಿಂದ: ಬಿ.ಆರ್ಕ್. ಮುಗಿಸಿ ಅಹಮದಾಬಾದಿನ ಸೆಪ್ಟ್ ಅಥವಾ ದಿಲ್ಲಿಯ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ನಂಥ ಕಡೆ ಹೋಗಿ ಓದುವವರು. ಇನ್ನೊಂದು ತೋಟಗಾರಿಕೆ ಕಡೆಯಿಂದ, ನಮ್ಮಂಥವರದು. ಬಾಗಲಕೋಟೆಯಲ್ಲಿ 2008ರಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಆಗಿರದಿದ್ದರೆ ಲೋಕಾಪುರದ ಹುಡುಗ ಈ ಹೆಸರನ್ನೇ ಕೇಳುತ್ತಿರಲಿಲ್ಲ. ಇಲ್ಲಿ ಹೂವಿನ ಬೇಸಾಯವೂ ಇದೂ ಒಂದೇ ವಿಭಾಗ, ಹೆಸರಿನಲ್ಲೂ ಹೂವೇ ಮೊದಲು. ಅವರಿಗೆ ಇಳಿಜಾರು, ಮೆಟ್ಟಿಲು, ಗೋಡೆ ಗೊತ್ತು. ಗಿಡ ಅನ್ನೋದು ನಕ್ಷೆಯ ಮೇಲಿನ ಹಸಿರು ದುಂಡು. ನಮಗೆ ಗಿಡದ ಜಾತಿ, ರೋಗ, ಗೊಬ್ಬರ ಗೊತ್ತು. ನೀರು ಯಾವ ಕಡೆ ಹರಿದೀತು ಅಂದರೆ ತಲೆ ಕೆರೆಯುತ್ತೇವೆ. ಎರಡೂ ಕಡೆಯವರಿಗೆ ಕಲಿಸದ ಒಂದು ಪ್ರಶ್ನೆ ಇದೆ. ಚೆಂದ ಮಾಡೋದು ಸರಿ, ಯಾರ ಕಣ್ಣಿಗೆ?

ಭೂದೃಶ್ಯ ಅಂತ ಕನ್ನಡದಲ್ಲಿ ಬರೆಯುತ್ತಾರೆ. ಭೂಮಿ ಮತ್ತು ದೃಶ್ಯ. ದೃಶ್ಯ ಅಂದ ಮೇಲೆ ನೋಡುವವನೊಬ್ಬ ಬೇಕು, ಅವನು ಆ ಹೊತ್ತಿನಲ್ಲಿ ಕೆಲಸ ಮಾಡುತ್ತಿರಬಾರದು. ಜೋಳದ ಹೊಲ ಚೆಂದ ಕಾಣೋದು ರಸ್ತೆಯಲ್ಲಿ ಬಸ್ಸಿನೊಳಗೆ ಕೂತವನಿಗೆ. ಒಳಗೆ ಬಗ್ಗಿ ಸದೆ ತೆಗೆಯುವವಳಿಗೆ ಕಾಣೋದು ಸದೆ.

ಇಂಗ್ಲಿಷ್ ತೋಟಗಳ ಪಾಠದಲ್ಲಿ ಒಂದು ಬೇಲಿಯ ಬಗ್ಗೆ ಓದಿದೆ. ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಮೀನ್ದಾರರಿಗೆ ತಮ್ಮ ಬಂಗಲೆಯ ಕಿಡಕಿಯಿಂದ ನೋಡಿದರೆ ಹುಲ್ಲುಗಾವಲು ದೂರದವರೆಗೂ ಹಬ್ಬಿದಂತೆ ಕಾಣಬೇಕು, ಅದರಲ್ಲಿ ದನ ಕುರಿ ಮೇಯಬೇಕು, ಆದರೆ ಅವು ಮನೆ ಹತ್ತಿರ ಬರಬಾರದು, ಬೇಲಿಯೂ ಕಾಣಬಾರದು. ಅದಕ್ಕೆ ಒಂದು ಕಡೆ ಗೋಡೆ, ಇನ್ನೊಂದು ಕಡೆ ಇಳಿಜಾರು ಇರುವ ಉದ್ದನೆಯ ಕಂದಕ ತೋಡಿಸಿದರು. ಮೇಲಿನಿಂದ ನೋಡುವವನಿಗೆ ಅಲ್ಲಿ ಏನೂ ಇಲ್ಲ. ಅದಕ್ಕೆ 'ಹಾ-ಹಾ' ಅಂತಲೇ ಹೆಸರು. ಲ್ಯಾನ್ಸ್‌ಲಾಟ್ ಬ್ರೌನ್ ಅನ್ನುವ ದೊಡ್ಡ ಹೆಸರಿನ ತೋಟಗಾರ ಇಂಥವನ್ನು ಧಾರಾಳವಾಗಿ ಬಳಸಿದ. ಅವನದೇ ಕಾಲದಲ್ಲಿ, ಅವನು ಕೆಲಸ ಮಾಡಿದ ಮಿಲ್ಟನ್ ಆ್ಯಬಿ ಅನ್ನುವಲ್ಲಿ, ಒಡೆಯನ ನೋಟಕ್ಕೆ ಅಡ್ಡ ಬರುತ್ತದೆ ಅಂತ ಒಂದು ಊರನ್ನೇ ಎಬ್ಬಿಸಿ ಪಕ್ಕದ ಕಣಿವೆಗೆ ಕಳಿಸಿದರು. ಆ ಹೊಸ ಊರನ್ನು ಈಗ ಪ್ರವಾಸಿಗರು ಚೆಂದ ಐತಿ ಅಂತ ನೋಡಲು ಹೋಗುತ್ತಾರೆ.

ಇದನ್ನು ಓದಿ ಇಂಗ್ಲಿಷರನ್ನು ಬೈಯಬಹುದು. ನನಗೆ ನೆನಪಾಗಿದ್ದು ಆಲಮಟ್ಟಿ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಅಣೆಕಟ್ಟು. ಅದರ ಹಿನ್ನೀರಿಗೆ ಊರೂರುಗಳು ಹೋದವು, ಹಳೇ ಬಾಗಲಕೋಟೆಯ ದೊಡ್ಡ ಭಾಗ ಹೋಯಿತು. ಓಣಿಯ ಹೆಸರು ಹೇಳಿ ವಿಳಾಸ ಕೊಡುತ್ತಿದ್ದವರು ನವನಗರಕ್ಕೆ ಬಂದು ಸೆಕ್ಟರ್ ನಂಬರ್ ಹೇಳೋದು ಕಲಿತರು. ಅಣೆಕಟ್ಟಿನ ಬುಡದಲ್ಲಿ ಈಗ ಉದ್ಯಾನಗಳಿವೆ. ಮೊಘಲ್ ಗಾರ್ಡನ್, ಇಟಾಲಿಯನ್ ಗಾರ್ಡನ್, ರಾಕ್ ಗಾರ್ಡನ್, ಸಂಗೀತ ಕಾರಂಜಿ. ನಮ್ಮ ಬೀಗರ ಪೈಕಿ ಹೊಲ ಮನೆ ಎರಡೂ ಮುಳುಗಿದ ಒಬ್ಬ ಅಜ್ಜ ಮೊಮ್ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದರು, ನಮ್ಮ ಸ್ಟಡಿ ಟೂರೂ ಅದೇ ದಿನ. ಕಾರಂಜಿ ಕುಣಿಯುವಾಗ ಹುಡುಗರು ಚೀರುತ್ತಿದ್ದರು. ಏನನ್ನಿಸ್ತೈತ್ರಿ ಅಜ್ಜಾ ಅಂತ ಕೇಳಬಾರದಿತ್ತು, ಕೇಳಿಬಿಟ್ಟೆ. "ಚೊಲೋ ಮಾಡ್ಯಾರ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆದ್ರ ಕೂಡಾಕ ನೆಳ್ಳಿಲ್ಲ ನೋಡ್" ಅಂದರು.

ನಾನು ಆ ಮಾತಿನಲ್ಲಿ ನೋವು ಹುಡುಕಿದೆ. ಅವರು ಹೇಳಿದ್ದು ನೆರಳಿನ ಮಾತನ್ನೇ. ನಮ್ಮ ಸೀಮೆಯಲ್ಲಿ ಯಾವುದೇ ಜಾಗದ ಬಗ್ಗೆ ಕೇಳುವ ಮೊದಲ ಪ್ರಶ್ನೆ ಅದು. ಲೋಕಾಪುರದಲ್ಲಿ ಸಂತಿ ದಿನ ಮುದುಕಿಯರು ಬುಟ್ಟಿ ಇಟ್ಟುಕೊಂಡು ಗೋಡೆಯ ನೆರಳು ಸರಿದಂತೆ ತಾವೂ ಸರಿಯೋದನ್ನು ನೋಡಿದರೆ ಸಾಕು, ಚೆಂದ ಅನ್ನೋದು ಉಳ್ಳವರ ಶೋಕಿ ಅಂತ ಹೇಳಲು ನಾಲಗೆ ಏಳೋದಿಲ್ಲ. ಜರ್ಮನಿಯಿಂದ ಬಂದು ಲಾಲ್‌ಬಾಗ್ ನೋಡಿಕೊಂಡಿದ್ದ ಕ್ರುಂಬಿಗಲ್ ಬೆಂಗಳೂರಿನ ಬೀದಿಗಳಿಗೆ ಮರ ಆರಿಸುವಾಗ ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ ಯೋಚಿಸಿದ. ಆ ಮರದ ಕೆಳಗೆ ಹೋಗಲು ಟಿಕೇಟು ಬೇಕಿಲ್ಲ. ಅದು ಚೆಂದವೂ ಹೌದು, ನೆರಳೂ ಹೌದು.

ಮತ್ತೆ, ಅಪ್ಪನ ಕಣ್ಣೇ ಸರಿ ಅಂತಲೂ ನಾನು ಒಪ್ಪೋದಿಲ್ಲ. ರೈತನ ಕಣ್ಣು ಪವಿತ್ರ ಅನ್ನುವ ಬರಹಗಳನ್ನು ಓದಿ ಸಾಕಾಗಿದೆ. ಟ್ರ್ಯಾಕ್ಟರ್ ತಿರುಗಿಸಲು ಅಡ್ಡ ಅಂತ ಒಡ್ಡಿನ ಮೇಲಿದ್ದ ಎರಡು ಬೇವಿನ ಮರ ಕಡಿಸಿದ್ದು ಅಪ್ಪನೇ. ಮುಧೋಳದ ಕಡೆ ಘಟಪ್ರಭಾ ದಂಡಿಗಿರುವ ನನ್ನ ಸೋದರಮಾವ ಕಬ್ಬಿಗೆ ನೀರು ನಿಲ್ಲಿಸಿ ನಿಲ್ಲಿಸಿ ಎರಡೆಕರೆ ಸವಳು ಮಾಡಿಕೊಂಡ. ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳುತ್ತಿದ್ದದ್ದು ಮೂರು ವರ್ಷ ಎಲ್ಲರ ಕಣ್ಣ ಮುಂದೆಯೇ ಇತ್ತು. ಅವನು ನೋಡುತ್ತಿದ್ದದ್ದು ಟನ್ನಿನ ಲೆಕ್ಕ. ಬರೇ ಬಳಸುವವನಿಗೂ ನೆಲ ಕಾಣೋದಿಲ್ಲ. ಕೆಲಸ ನಿಲ್ಲಿಸಿ ಒಮ್ಮೆ ನೆಟ್ಟಗಾಗಿ ನಿಂತು ನೋಡುವವನು ಬೇಕು. ಆ ನಿಂತು ನೋಡುವ ಪುರಸೊತ್ತಿಗೇ ನಮ್ಮ ವಿದ್ಯೆಯವರು ಸಂಬಳ ತೆಗೆದುಕೊಳ್ಳೋದು ಅನ್ನಿಸುತ್ತದೆ.

ಹಾಗಾದರೆ ನಾನೇನು ಮಾಡಿದೆ ಅಂತ ಹೇಳಬೇಕು. ಪ್ರಾಜೆಕ್ಟಿಗೆ ಜಾಗ ಆರಿಸಿಕೊಳ್ಳಿ ಅಂದಾಗ ನಾನು ನಮ್ಮೂರ ಹೊರಗಿನ ಸುಣ್ಣದ ಕಲ್ಲಿನ ಹಳೇ ಕ್ವಾರಿ ಆರಿಸಿದೆ. ಲೋಕಾಪುರದ ಹೆಸರು ಜಗತ್ತಿನ ಯಾವುದಾದರೂ ವಿದ್ಯೆಯ ಪುಸ್ತಕದಲ್ಲಿ ಇದ್ದರೆ ಅದು ಭೂವಿಜ್ಞಾನದ್ದು. ಕಲಾದಗಿ ಸೂಪರ್‌ಗ್ರೂಪ್ ಅನ್ನುವ, ನೂರು ಕೋಟಿ ವರ್ಷಕ್ಕೂ ಹಳೆಯ ಶಿಲಾಪದರಗಳಲ್ಲಿ ಒಂದು ಭಾಗಕ್ಕೆ ಅವರು ಲೋಕಾಪುರ ಸಬ್‌ಗ್ರೂಪ್ ಅಂತ ಹೆಸರಿಟ್ಟಿದ್ದಾರೆ. ಈ ಸೀಮೆಯಲ್ಲಿ ಸಿಮೆಂಟು ಆಗೋದು ಆ ಕಲ್ಲೇ. ಕಲ್ಲು ತೆಗೆದ ತೆಗ್ಗಿನಲ್ಲಿ ಮಳೆ ನೀರು ನಿಂತು ಹಸಿರು-ನೀಲಿಯಾಗಿತ್ತು. ಫೋಟೋದಲ್ಲಿ ಬಹಳ ಚೆಂದ ಬರುತ್ತಿತ್ತು.

ಸುತ್ತ ಕಾಲುದಾರಿ, ಬೆಂಚು, ನೀರಿನ ಮೇಲೆ ಚಾಚಿದ ಒಂದು ಕಟ್ಟೆ, ತಾವರೆ, ಆಚೆ ದಂಡೆಗೆ ಹೊಂಗೆ ಸಾಲು ಎಲ್ಲಾ ಬರೆದೆ. ಲಾನ್ ಹಾಕಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. ಹುಡುಗರು ಬೀಳಬಾರದು ಅಂತ ಬೇಲಿ, ಕಾಣದ ಹಾಗೆ ಅದರ ಮುಂದೆ ಪೊದೆ. ಒಳ್ಳೇ ಅಂಕ ಬಂತು. ಹಾಳೆಯನ್ನು ಮನೆಗೆ ತಂದು ಕಟ್ಟೆ ಮೇಲೆ ಹಾಸಿದೆ. ಅಪ್ಪ ಹಾಳೆಯನ್ನು ಒಂದು ಸುತ್ತು ತಿರುವಿ ನಮ್ಮ ಹೊಲದ ದಿಕ್ಕು ಹಿಡಿದುಕೊಂಡ. "ಇದ್ರಾಗ ಕುರಿ ಇಳಿಯೂ ದಾರಿ ಯಾವದು?" ಅಂದ.

ಕುರಿ ಇಳಿಯುವ ಜಾಗದಲ್ಲಿ ನನ್ನ ಪೊದೆ ಇತ್ತು. ಸರ್ವೇ ಮಾಡುವಾಗ ಮೂರು ದಿನ ಅಲ್ಲಿ ಕುರಿ ಬಂದು ನೀರು ಕುಡಿದು ಹೋಗೋದನ್ನು ನೋಡಿದ್ದೆ, ಫೋಟೋ ತೆಗೆದಿದ್ದೆ, ಆ ಫೋಟೋ ನನ್ನ ರಿಪೋರ್ಟಿನ ಮುಖಪುಟದಲ್ಲಿತ್ತು! ನಕ್ಷೆಯಲ್ಲಿ ಮಾತ್ರ ಆ ಮೂಲೆಗೆ 'ಖಾಲಿ ಜಾಗ' ಅಂತ ನಾನೇ ಬರೆದಿದ್ದೆ. ಹಾ-ಹಾ ಓದಿ ನಕ್ಕವನೂ ನಾನೇ.

ಡಿಗ್ರಿ ಮುಗಿದು ವರ್ಷವಾದರೂ ಆ ಹಾಳೆಯನ್ನು ಮತ್ತೆ ಮತ್ತೆ ಬರೆಯುತ್ತಿದ್ದೇನೆ. ಯಾರೂ ಕೇಳಿಲ್ಲ, ದುಡ್ಡೂ ಇಲ್ಲ. ಬೇಲಿ ತೆಗೆದರೆ ಹುಡುಗರು ಬೀಳುತ್ತಾರೆ, ಇಟ್ಟರೆ ಕುರಿ ಇಳಿಯೋದಿಲ್ಲ. ಉಳಿದ ಉಪಾಯ ಅಂದರೆ ಕಡಿದಾದ ದಂಡೆಯನ್ನೇ ಕಡಿದು ಇಳುಕಲು ಮಾಡೋದು. ಐದು ಮೀಟರ್ ಆಳಕ್ಕೆ, ಎಂಟಕ್ಕೊಂದು ಇಳಿಜಾರು ಇಟ್ಟರೆ ನಲವತ್ತು ಮೀಟರ್ ಉದ್ದ ಬೇಕು. ನಲವತ್ತು ಮೀಟರ್ ಹಿಂದೆ ಸರಿದರೆ ಅದು ಪಕ್ಕದವರ ಹೊಲ, ಕಡ್ಲಿ ಬಿತ್ತಿದ್ದಾರೆ. ನಕ್ಷೆಯಲ್ಲಿ ಗೆರೆ ಎಳೆದು ನೋಡಿದೆ, ಬಹಳ ಸಲೀಸಾಗಿ ಬಂತು.

ಹೋದ ವಾರ ಅವರ ಮನೆಗೆ ಹೋಗಿದ್ದೆ. ಹಾಳೆ ಬಗಲಲ್ಲಿ ಸುತ್ತಿಟ್ಟುಕೊಂಡು ಬಾಗಿಲಲ್ಲಿ ನಿಂತೆ. "ಬಾ ತಮ್ಮಾ, ಕೂಡ್ರು, ಅದೇನದು ಸುರಳಿ? ಮೊದ್ಲ ಚಾ ಕುಡಿ" ಅಂದರು.