ಎರಕಮೀಮಾಂಸೆ: ಪುನರುಜ್ಜೀವನ ಕಾಲದ ಲೋಹಶಿಲ್ಪದಲ್ಲಿ ಪ್ರಧಾನಾಂಗವಿಚಾರ

ದ್ರವೀಭೂತವಾದ ಲೋಹವು ಪೂರ್ವಸಿದ್ಧವಾದ ಪೊಳ್ಳನ್ನು ಪ್ರವೇಶಿಸಿ, ಅಲ್ಲಿಯೇ ಘನೀಭವಿಸಿ, ಆ ಪೊಳ್ಳಿನ ಆಕಾರವನ್ನು ಧರಿಸುವುದೇ ಎರಕ. ಇದು ಲಕ್ಷಣ. ಇದರ ಒಂದೊಂದು ಪದಕ್ಕೂ ವ್ಯಾವರ್ತ್ಯವುಂಟು. ‘ದ್ರವೀಭೂತ’ ಎಂದುದರಿಂದ ಅಡಿಗಲ್ಲಿನ ಮೇಲೆ ಬಡಿದು ಮಾಡುವ ಕಮ್ಮಾರಿಕೆಯೂ, ಮುದ್ರೆಯ ಪೆಟ್ಟಿನಿಂದ ಆಕಾರ ಪಡೆಯುವ ನಾಣ್ಯವೂ ನಿವೃತ್ತವಾದುವು. ‘ಪೂರ್ವಸಿದ್ಧವಾದ ಪೊಳ್ಳು’ ಎಂದುದರಿಂದ, ಕರಗಿದ ಬೆಳ್ಳಿಯನ್ನು ನೀರಿಗೆ ಸುರಿದು ಹರಳು ಮಾಡಿಕೊಳ್ಳುವ ಒರೆಗಾರನ ಕ್ರಿಯೆ ನಿವೃತ್ತವಾಯಿತು. ಅಲ್ಲಿ ದ್ರವವುಂಟು, ಘನೀಭವನವುಂಟು, ನಿಯತವಾದ ಆಕಾರವಿಲ್ಲ. ‘ಅಲ್ಲಿಯೇ’ ಎಂಬುದು ಕುಲುಮೆಯಿಂದ ಅಚ್ಚಿನವರೆಗಿನ ಕಾಲುವೆಯನ್ನು ವ್ಯಾವರ್ತಿಸುತ್ತದೆ. ಲೋಹವು ಕಾಲುವೆಯ ಮೂಲಕ ಹಾಯುತ್ತದೆಯೇ ಹೊರತು ಅದರ ಆಕಾರದಲ್ಲಿ ನಿಲ್ಲುವುದಿಲ್ಲ. ನಿಂತರೆ ಅದು ಎರಕವಲ್ಲ, ಎರಕದ ಭಂಗ.

ಕಬ್ಬಿಣವೂ ಲೋಹವೇ, ಅದು ಕರಗುವುದಿಲ್ಲವಾದ್ದರಿಂದ ಲಕ್ಷಣಕ್ಕೆ ಅವ್ಯಾಪ್ತಿದೋಷ ಬಂದಿತೆಂದು ಶಂಕಿಸಬಹುದು. ಎಲ್ಲ ಲೋಹವೂ ಎರಕಕ್ಕೆ ಅರ್ಹವೆಂದು ಲಕ್ಷಣ ಹೇಳಿಲ್ಲ. ಚಿಕ್ಕ ಕುಲುಮೆಯಲ್ಲಿ ಅದಿರಿನಿಂದ ಬಿಡುಗಡೆಯಾದ ಮೆದು ಕಬ್ಬಿಣ ಮುದ್ದೆಯಾಗುತ್ತದೆ, ದ್ರವವಾಗುವುದಿಲ್ಲ. ಆದ್ದರಿಂದ ಅದು ಅಲಕ್ಷ್ಯ. ನೀರಿನ ಚಕ್ರ ಒತ್ತುವ ತಿದಿಗಳುಳ್ಳ ಎತ್ತರದ ಕುಲುಮೆಯಲ್ಲಿ ಅದೇ ಕಬ್ಬಿಣ ಇದ್ದಿಲಿನ ಅಂಶವನ್ನು ಹೀರಿ, ತಾಮ್ರ ಕರಗುವ ಉಷ್ಣತೆಗಿಂತ ತುಸುವೇ ಮೇಲೆ ಕರಗುವ ಬೀಡಾಗುತ್ತದೆ. ಬೀಡು ಲಕ್ಷ್ಯ. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬಕ್ಸ್ಟೆಡ್‌ನಲ್ಲಿ 1543ರಲ್ಲಿ ಬೀಡಿನ ಫಿರಂಗಿಯನ್ನು ಒಂದೇ ತುಂಡಾಗಿ ಎರಕ ಹೊಯ್ದರು. ಇಷ್ಟು ಹೇಳಿ ಕಬ್ಬಿಣವನ್ನು ಬಿಡಲಾಗುವುದು; ಪ್ರಕೃತ ವಿಚಾರ ಕಂಚಿನದು.

ಕಾಲದ ಎಲ್ಲೆಯನ್ನೂ ಹಾಕಬೇಕು. ಫ್ಲಾರೆನ್ಸಿನ ದೀಕ್ಷಾಸ್ನಾನಮಂದಿರದ ಬಾಗಿಲುಗಳಿಗಾಗಿ 1401ರಲ್ಲಿ ಏರ್ಪಟ್ಟ ಸ್ಪರ್ಧೆ ಪೂರ್ವಾವಧಿ. ಅಗ್ರಿಕೋಲನ ಗಣಿ-ಲೋಹ ವಿಷಯಕ ಲ್ಯಾಟಿನ್ ಗ್ರಂಥ ಬಾಸೆಲ್‌ನಲ್ಲಿ ಅಚ್ಚಾದ 1556 ಉತ್ತರಾವಧಿ. ಗ್ರಂಥಗಳಲ್ಲಿ ಮುಖ್ಯವಾದುದು ಸಿಯೆನಾದ ವನ್ನೊಚ್ಚೊ ಬಿರಿಂಗುಚ್ಚೊ ರಚಿಸಿದ ‘ಪಿರೊಟೆಕ್ನಿಯಾ’. ಹತ್ತು ಭಾಗಗಳ ಈ ಗ್ರಂಥ ಕರ್ತನ ಮರಣಾನಂತರ 1540ರಲ್ಲಿ ವೆನಿಸ್ಸಿನಲ್ಲಿ ಪ್ರಕಟವಾಯಿತು. ಪಂಡಿತರ ಲ್ಯಾಟಿನ್ನಿನಲ್ಲಲ್ಲ, ಇಟಲಿಯ ಆಡುನುಡಿಯಲ್ಲಿ. ಅಗ್ರಿಕೋಲ ವೈದ್ಯ, ಬಿರಿಂಗುಚ್ಚೊ ಸ್ವತಃ ಎರಕ ಹೊಯ್ದವನು. ಎರಕದ ವಿಷಯದಲ್ಲಿ ಇಬ್ಬರ ಮಾತಿಗೂ ವಿರೋಧ ತೋರಿದರೆ ಎರಡನೆಯವನದೇ ಬಲವತ್ತರ.

ಇನ್ನು ವಿಭಾಗ. ದ್ರವ್ಯಭೇದದಿಂದ ಕಂಚು ದ್ವಿವಿಧ: ಗಂಟೆಯ ಕಂಚು, ಫಿರಂಗಿಯ ಕಂಚು. ತಾಮ್ರವೂ ತವರವೂ ಉಭಯತ್ರ ಸಮಾನವಾಗಿರುವಾಗ ಭೇದವೆಲ್ಲಿಯದು ಎಂದರೆ, ಪ್ರಮಾಣವೇ ಭೇದಕ. ಬಿರಿಂಗುಚ್ಚೊನ ವಿಧಿಯಂತೆ ನೂರು ಪಾಲು ತಾಮ್ರಕ್ಕೆ ಫಿರಂಗಿಯಲ್ಲಿ ತವರ ಸುಮಾರು 8ರಿಂದ 12 ಪಾಲು. ಗಂಟೆಯಲ್ಲಿ 23ರಿಂದ 26. ತವರ ಹೆಚ್ಚಿದಷ್ಟೂ ಲೋಹ ಬೇಗ ಕರಗುತ್ತದೆ, ಸಲೀಸಾಗಿ ಹರಿಯುತ್ತದೆ, ಗಡಸಾಗುತ್ತದೆ, ಧ್ವನಿಸುತ್ತದೆ; ಹಾಗೆಯೇ ಭಿದುರವೂ ಆಗುತ್ತದೆ. ಗಂಟೆಗೆ ಧ್ವನಿ ಬೇಕು, ನಾಲಗೆಯ ಪೆಟ್ಟನ್ನು ತಡೆಯುವಷ್ಟು ಗಟ್ಟಿತನ ಸಾಕು. ಫಿರಂಗಿಗೆ ಮದ್ದಿನ ಒತ್ತಡವನ್ನು ಹಿಗ್ಗಿ ತಾಳುವ ಗುಣ ಬೇಕು, ಧ್ವನಿ ತಾನಾಗಿ ಬರುತ್ತದೆ. ಯುದ್ಧಕಾಲದಲ್ಲಿ ಇಗರ್ಜಿಯ ಗಂಟೆಗಳನ್ನು ಇಳಿಸಿ ಫಿರಂಗಿ ಮಾಡಿಕೊಳ್ಳುವವರು ಹೊಸ ತಾಮ್ರವನ್ನು ಬೆರೆಸಲೇಬೇಕಾಗಿತ್ತು. ಬೆರೆಸದೆ ಹೊಯ್ದ ಫಿರಂಗಿ ಶತ್ರುವಿಗಿಂತ ಮುಂಚೆ ತನ್ನ ಗೋಲಂದಾಜನನ್ನೇ ಕೊಲ್ಲಬಲ್ಲುದು. ದ್ರವ್ಯ ಒಂದೇ ಆದರೂ ಜಾತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಫುಟವಾದ ಸಾಧಕ ಬೇಡ.

ಅಚ್ಚಿನ ಭೇದದಿಂದ ಎರಕ ಮೂರು ಬಗೆ: ಮೇಣದ್ದು, ಮಣ್ಣಿನದು, ಮರಳಿನದು. ಮರಳಿನ ಪೆಟ್ಟಿಗೆಯಲ್ಲಿ ಬಕಲು, ಬೆರಳುಚಿಪ್ಪು ಮೊದಲಾದ ಹಿತ್ತಾಳೆಯ ಚಿಲ್ಲರೆ ಸಾಮಾನುಗಳನ್ನು ಒಂದೇ ಹೊಯ್ತದಲ್ಲಿ ರಾಶಿ ರಾಶಿಯಾಗಿ ತೆಗೆಯುತ್ತಿದ್ದರು. ಅದರಲ್ಲಿ ವಿಚಾರಾರ್ಹವಾದುದು ಸ್ವಲ್ಪ.

ಮೇಣದ ಎರಕ ಪುನಃ ದ್ವಿವಿಧ. ಮಣ್ಣಿನ ಗರ್ಭದ ಮೇಲೆ ಶಿಲ್ಪಿಯೇ ಮೇಣ ಹಚ್ಚಿ ತಿದ್ದಿ, ಹೊರಗೆ ಮಣ್ಣು ಲೇಪಿಸಿ ಸುಟ್ಟಾಗ, ಮೇಣ ಹರಿದುಹೋಗಿ ಅದರ ಜಾಗ ಲೋಹಕ್ಕೆ ತೆರವಾಗುವುದು ಸಾಕ್ಷಾತ್ ಎರಕ. ಮೂಲಾಕೃತಿಯಿಂದ ಬಿಡಿಬಿಡಿ ತುಂಡುಗಳ ಪಡಿಯಚ್ಚು ತೆಗೆದು, ಅದರೊಳಗೆ ಮೇಣ ಬಳಿದು, ಆ ಮೇಣಕ್ಕೆ ಬೇರೆ ಅಚ್ಚು ಕಟ್ಟುವುದು ಪರಂಪರಿತ ಎರಕ. ಮೊದಲನೆಯದರಲ್ಲಿ ಹೊಯ್ತ ಕೆಟ್ಟರೆ ಶಿಲ್ಪಿಯ ಮೂಲವೇ ನಷ್ಟ. ಎರಡನೆಯದರಲ್ಲಿ ಮೂಲ ಉಳಿಯುತ್ತದೆ. ಮಾಂಟುವಾದ ಆಂಟಿಕೊ ಎಂಬ ಶಿಲ್ಪಿ ಎರಡನೆಯದರ ಬಲದಿಂದಲೇ ಒಂದೇ ಮೂರ್ತಿಯ ಅನೇಕ ಪ್ರತಿಗಳನ್ನು ಒದಗಿಸಿದನು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದಲ್ಲಿಯೇ ಮಧೂಚ್ಛಿಷ್ಟವಿಧಿಯನ್ನು ವರ್ಣಿಸಿ, ಲೋಹದ ತೂಕವನ್ನು ಮೇಣದ ತೂಕದಿಂದ ನಿಗದಿ ಮಾಡುತ್ತದೆ. ಕ್ರಿಯೆ ಸಮಾನವೆಂದ ಮಾತ್ರಕ್ಕೆ ಇಟಲಿಗೂ ಕಲ್ಯಾಣಕ್ಕೂ ಗುರುಶಿಷ್ಯಸಂಬಂಧ ಕಲ್ಪಿಸುವುದು ಅಪ್ರಾಮಾಣಿಕ.

ಮಣ್ಣಿನ ಅಚ್ಚಿನ ಪರಾಕಾಷ್ಠೆ ಫಿರಂಗಿಯಲ್ಲಿ ಕಾಣುತ್ತದೆ. ಅದನ್ನು ಸವಿಸ್ತರವಾಗಿ ಹೇಳುವುದು ಉಚಿತ. ಒಂದು ತುದಿಗೆ ಸಣ್ಣದಾಗುತ್ತ ಹೋಗುವ ಮರದ ದಿಂಡನ್ನು ಎರಡು ಗೂಟಗಳ ಮೇಲೆ ಅಡ್ಡಲಾಗಿ ಇಡುತ್ತಾರೆ. ಅದಕ್ಕೆ ಹಗ್ಗ ಸುತ್ತುತ್ತಾರೆ. ಹಗ್ಗದ ಮೇಲೆ ಜೇಡಿಮಣ್ಣು ಮೆತ್ತಿ, ಫಿರಂಗಿಯ ಹೊರರೇಖೆಯಂತೆ ಕೊರೆದ ಹಲಗೆಯನ್ನು ಆನಿಸಿ ದಿಂಡನ್ನು ತಿರುಗಿಸಿದರೆ ಮಣ್ಣಿನ ಫಿರಂಗಿ ಸಿದ್ಧ. ಕೆಳಗೆ ಬೆಂಕಿಯಿಟ್ಟು ಒಣಗಿಸುತ್ತಾರೆ. ಲಾಂಛನ, ಹಿಡಿಕೆ ಮೊದಲಾದುವನ್ನು ಮೇಣದಲ್ಲಿ ಮಾಡಿ ಅಂಟಿಸಿ, ಹೊರಮಣ್ಣು ಹಿಡಿದುಕೊಳ್ಳದಂತೆ ಕೊಬ್ಬು, ಬೂದಿ ಸವರುತ್ತಾರೆ. ಅನಂತರ ಹೊರಮಣ್ಣು: ಉಣ್ಣೆಬಟ್ಟೆಯ ಚೂರು, ಕುದುರೆಯ ಲದ್ದಿ ಬೆರೆಸಿ ಹದ ಮಾಡಿದ್ದು, ಪದರಪದರವಾಗಿ, ಕೊನೆಗೆ ಕಬ್ಬಿಣದ ಪಟ್ಟಿ ಬಿಗಿದು. ಲದ್ದಿಯೂ ಉಣ್ಣೆಯೂ ಹಸಿಯಲ್ಲಿ ಮಣ್ಣು ಬಿರಿಯದಂತೆ ತಡೆಯುತ್ತವೆ. ಸುಟ್ಟ ಮೇಲೆ ತಾವಿದ್ದ ಕಡೆ ಸೂಕ್ಷ್ಮರಂಧ್ರಗಳನ್ನು ಬಿಟ್ಟು ಆವಿಗೆ ದಾರಿಯಾಗುತ್ತವೆ. ಬಳಿಕ ದಿಂಡಿನ ಸಣ್ಣ ತುದಿಗೆ ಪೆಟ್ಟು ಕೊಟ್ಟರೆ ಅದು ಜಾರಿ ಬರುತ್ತದೆ, ಹಗ್ಗ ಸುರುಳಿ ಬಿಚ್ಚಿಕೊಂಡು ಬರುತ್ತದೆ, ಆಧಾರ ತಪ್ಪಿದ ಒಳಮಣ್ಣು ಒಡೆದು ಉದುರುತ್ತದೆ. ಉಳಿದದ್ದು ಪೊಳ್ಳು. ಗುಂಡು ಹಾಯುವ ನಳಿಗೆಗಾಗಿ ಕಬ್ಬಿಣದ ಸರಳಿಗೆ ಮಣ್ಣು ಮೆತ್ತಿದ ಗರ್ಭವನ್ನು ನಡುವೆ ನಿಲ್ಲಿಸಿ, ಅದು ಅತ್ತಿತ್ತ ಸರಿಯದಂತೆ ಕಬ್ಬಿಣದ ಕಡ್ಡಿಗಳಿಂದ ಆನಿಸಿ, ಇಡೀ ಅಚ್ಚನ್ನು ಕುಲುಮೆಯ ಮುಂದಿನ ಗುಂಡಿಯಲ್ಲಿ ಬಾಯಿ ಮೇಲಾಗಿ ಹೂತು, ಸುತ್ತ ಮಣ್ಣು ದಮ್ಮಸು ಮಾಡುತ್ತಾರೆ. ಬಾಯಿಯ ಮೇಲೆ ಇನ್ನಷ್ಟು ಎತ್ತರಕ್ಕೆ ಹೆಚ್ಚುವರಿ ಲೋಹಕ್ಕೆ ಎಡೆ ಬಿಟ್ಟಿರುತ್ತಾರೆ: ಕೆಳಗಿನ ಕಂಚು ತಣಿದು ಕುಗ್ಗುವಾಗ ಮೇಲಿನದು ಇಳಿದು ತುಂಬುತ್ತದೆ, ಕಿಟ್ಟ ತೇಲಿ ಅಲ್ಲಿಗೇ ಸೇರುತ್ತದೆ. ಆ ತಲೆಯನ್ನು ಆಮೇಲೆ ಗರಗಸದಿಂದ ಕತ್ತರಿಸಿ ಬಿಸಾಡುತ್ತಾರೆ. ಬಿಸಾಡುವುದೆಂದರೆ ಮತ್ತೆ ಕುಲುಮೆಗೇ.

ಈಗ ಮುಖ್ಯವಿಚಾರ. ಎರಕದಲ್ಲಿ ಯಾವುದು ಪ್ರಧಾನ, ಯಾವುದು ಅಂಗ? ಯಾವುದರ ಸಲುವಾಗಿ ಮಿಕ್ಕವು ಇವೆಯೋ ಅದು ಶೇಷಿ, ಮಿಕ್ಕವು ಶೇಷ. ಪೂರ್ವಪಕ್ಷಿಯ ಮತದಲ್ಲಿ ಲೋಹವೇ ಪ್ರಧಾನ. ಅಚ್ಚನ್ನು ಕಡೆಗೆ ಒಡೆದು ಎಸೆಯುತ್ತಾರೆ, ಉಳಿಯುವುದು ಲೋಹ. ಪ್ರಸಿದ್ಧವಾದ ವೈಫಲ್ಯಗಳೂ ಲೋಹದವೇ. ಬೊಲೊನ್ಯದಲ್ಲಿ 1507ರಲ್ಲಿ ಮೈಕೆಲೇಂಜಲೊ ಪೋಪ್ ಎರಡನೆಯ ಜೂಲಿಯಸನ ಪ್ರತಿಮೆಯನ್ನು ಹೊಯ್ಯಿಸಿದಾಗ ಕಂಚು ಪೂರ್ತಿ ಕರಗದೆ ಅರ್ಧ ಕುಲುಮೆಯಲ್ಲೇ ನಿಂತು, ಮೂರ್ತಿ ಸೊಂಟದವರೆಗೆ ಮಾತ್ರ ಬಂದಿತು. ಹೊಯ್ದವನು ಸಾಮಾನ್ಯನಲ್ಲ, ಫ್ಲಾರೆನ್ಸಿನ ಫಿರಂಗಿಗಳನ್ನು ಎರಕ ಹೊಯ್ಯುತ್ತಿದ್ದ ಬರ್ನಾರ್ಡಿನೊ. ಫ್ಲಾರೆನ್ಸಿನಲ್ಲಿ 1549ರಲ್ಲಿ ಬೆನ್ವೆನುಟೊ ಚೆಲ್ಲಿನಿಯ ಪರ್ಸಿಯಸ್ ಪ್ರತಿಮೆಯ ಹೊಯ್ತದಲ್ಲಿಯೂ ಲೋಹ ಕುಲುಮೆಯೊಳಗೇ ಹೆಪ್ಪುಗಟ್ಟಿತು. ಅಚ್ಚುಗಳು ನಿರ್ದೋಷವಾಗಿಯೇ ಇದ್ದುವು. ಆದ್ದರಿಂದ ಫಲಾಫಲವು ಲೋಹಾಧೀನ.

ಇದು ಸಾಧುವಲ್ಲ. ಉಳಿಯುವುದು ಪ್ರಧಾನ, ಅಳಿಯುವುದು ಅಂಗ ಎಂಬ ನಿಯಮವೇ ಇಲ್ಲ. ಸಂಪಾದ್ಯವಾದುದು ಆಕಾರ, ಅದು ಅಚ್ಚಿನಲ್ಲಿ ಮೊದಲೇ ಸಿದ್ಧವಾಗಿದೆ, ಲೋಹ ಅದನ್ನು ಸ್ವೀಕರಿಸುತ್ತದೆ ಮಾತ್ರ. ಇನ್ನೊಂದು ಹೇತು ಇನ್ನೂ ಪ್ರಬಲ. ಲೋಹದ ದೋಷಕ್ಕೆ ಪರಿಹಾರವುಂಟು. ಎಷ್ಟು ಬಾರಿ ಕೆಟ್ಟರೂ ಕಂಚು ಕಂಚೇ, ಕರಗಿಸಿ ಮತ್ತೆ ಹೊಯ್ಯಬಹುದು. ಅಚ್ಚು ಒಂದೇ ಪ್ರಯೋಗಕ್ಕೆ ಹುಟ್ಟಿ ಅದರಲ್ಲಿಯೇ ಸಾಯುತ್ತದೆ. ಅಚ್ಚಿನೊಳಗೆ ತೇವ ಉಳಿದಿದ್ದರೆ ಆವಿ ಲೋಹವನ್ನು ಮೇಲಕ್ಕೆ ಉಗುಳುತ್ತದೆ. ಗರ್ಭ ಬೆರಳಗಲ ಸರಿದರೆ ನಳಿಗೆಯ ಒಂದು ಮೈ ತೆಳುವಾಗಿ ಮೊದಲ ಗುಂಡಿಗೇ ಬಿರಿಯುತ್ತದೆ. ಗಾಳಿಗಂಡಿ ಕಟ್ಟಿಕೊಂಡರೆ ಮೂಗು ಬೆರಳುಗಳು ಬರುವುದೇ ಇಲ್ಲ. ಇವೊಂದನ್ನೂ ಹೊಯ್ಯುವ ಗಳಿಗೆಯಲ್ಲಿ ನೋಡಲಾಗದು, ತಿದ್ದಲಾಗದು. ಬಿರಿಂಗುಚ್ಚೊ ಅಚ್ಚಿನ ಮಣ್ಣಿಗೂ ಒಣಗಿಸುವಿಕೆಗೂ ಅಷ್ಟು ಪುಟಗಳನ್ನು ಮೀಸಲಿಟ್ಟದ್ದು ಇದಕ್ಕಾಗಿ.

ಪೂರ್ವಪಕ್ಷಿ ಕೊಟ್ಟ ದೃಷ್ಟಾಂತಗಳೇ ಸಿದ್ಧಾಂತವನ್ನು ಪೋಷಿಸುತ್ತವೆ. ಬೊಲೊನ್ಯದಲ್ಲಿ ಕುಲುಮೆಯನ್ನು ಕಿತ್ತು, ನಿಂತ ಲೋಹವನ್ನು ತೆಗೆದು, ಮೇಲರ್ಧವನ್ನು ಮತ್ತೆ ಹೊಯ್ದು ಕೂಡಿಸಿದರು. 1508ರಲ್ಲಿ ಪ್ರತಿಮೆ ನಿಂತಿತು. ಚೆಲ್ಲಿನಿಯಂತೂ ಒಣಗಿದ ಓಕ್ ಸೌದೆಯಿಂದ ಬೆಂಕಿ ಹೆಚ್ಚಿಸಿ, ಮನೆಯ ತವರದ ತಟ್ಟೆಬಟ್ಟಲುಗಳನ್ನು, ಅವನ ಲೆಕ್ಕದಲ್ಲಿ ಸುಮಾರು 200ನ್ನು, ಕರಗಿದ ಲೋಹಕ್ಕೆ ಹಾಕಿದನಂತೆ. ಇದನ್ನು ಹಲವರು ಪ್ರತಿಭೆಯ ಪವಾಡವೆನ್ನುತ್ತಾರೆ. ಅವನೂ ಹಾಗೆಯೇ ಬರೆದುಕೊಂಡಿದ್ದಾನೆ. ಚೆಲ್ಲಿನಿಯ ಆತ್ಮಪ್ರಶಂಸೆಯನ್ನು ಅರ್ಧ ಸೋಸಿಯೇ ಓದಬೇಕು. ಅತಿಯಾದ ಬೆಂಕಿಯಲ್ಲಿ ತಾಮ್ರಕ್ಕಿಂತ ಮೊದಲು ಉರಿದು ಕಿಟ್ಟವಾಗುವುದು ತವರ. ತವರ ತಗ್ಗಿದ ಕಂಚು ಬೇಗ ಹೆಪ್ಪುಗಟ್ಟುತ್ತದೆ. ತವರ ಸೇರಿಸಿದರೆ ಪುನಃ ಹರಿಯುತ್ತದೆ. ಗಂಟೆ-ಫಿರಂಗಿಗಳ ಭೇದದಲ್ಲಿ ಹೇಳಿದ ವಿಧಿಯೇ ಇದು, ಪ್ರಾಯಶ್ಚಿತ್ತರೂಪದಲ್ಲಿ. ಪವಾಡವಲ್ಲ, ಪ್ರಯೋಗ.

ಪರಂಪರಿತ ಎರಕದಲ್ಲಿ ಪಡಿಯಚ್ಚು ಉಳಿಯುವುದರಿಂದ ‘ಅಚ್ಚು ಏಕಪ್ರಯೋಗ’ವೆಂಬುದು ಅಸಿದ್ಧವಾಯಿತಲ್ಲ ಎಂದರೆ, ಉಳಿಯುವುದು ಮೇಣಕ್ಕೆ ಅಚ್ಚು, ಲೋಹಕ್ಕಲ್ಲ. ಲೋಹವನ್ನು ಧರಿಸುವ ಅಚ್ಚು ಅಲ್ಲಿಯೂ ಒಂದೇ ಬಾರಿಯದು. ಸೀಸದ ಗುಂಡು, ತವರದ ಪಾತ್ರೆಗಳಿಗೆ ಬಳಸುವ ಕಲ್ಲಿನ, ಲೋಹದ ಸ್ಥಿರ ಅಚ್ಚುಗಳು ಈ ನಿಯಮಕ್ಕೆ ಹೊರಗು. ಸೀಸ 327, ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಅಚ್ಚು ಬದುಕುತ್ತದೆ. ಅಲ್ಲಿ ಅಚ್ಚು ಉಪಕರಣ ಮಾತ್ರ. ಸಿದ್ಧಾಂತದ ಅಧಿಕಾರ ಕಂಚಿನಂಥ ಉಚ್ಚತಾಪದ ಲೋಹಗಳಿಗೆ.

ಬೇರೆ ದಿಕ್ಕಿನಿಂದ ಇನ್ನೊಂದು ಆಕ್ಷೇಪವುಂಟು. ಗಂಧಕ-ಪಾರದಗಳ ಸಂಯೋಗದಿಂದ ಲೋಹಗಳು ಹುಟ್ಟುತ್ತವೆಂದು ನಂಬಿದವರ ಕ್ರಿಯೆಯನ್ನು ಶಾಸ್ತ್ರವೆನ್ನುವುದು ಹೇಗೆ? ಹೇತುಜ್ಞಾನ ಮಿಥ್ಯೆಯಾದರೆ ಕ್ರಿಯೆ ಕೇವಲ ರೂಢಿಯಾದೀತು. ಇಲ್ಲಿ ವಿವೇಕ ಬೇಕು. ಸೀಸವನ್ನು ಸುಟ್ಟು ಭಸ್ಮ ಮಾಡಿದರೆ ತೂಕ ನೂರಕ್ಕೆ ಎಂಟು-ಹತ್ತರಷ್ಟು ಏರುತ್ತದೆಂದು ಬಿರಿಂಗುಚ್ಚೊ ತೂಗಿ ಬರೆದಿದ್ದಾನೆ. ಲಘುವಾದ ವಾಯವ್ಯಾಂಶ ಹೊರಟುಹೋದುದೇ ಕಾರಣವೆಂದು ಅವನ ಊಹೆ. ಊಹೆ ಸುಳ್ಳು: ಗಾಳಿಯ ಅಂಶ ಹೋಗಲಿಲ್ಲ, ಬಂದು ಸೇರಿತು. ತೂಕ ನಿಜ. ವಿಧಿಯ ಪ್ರಾಮಾಣ್ಯ ಅಳತೆಯಲ್ಲಿದೆ, ಪುನರಾವೃತ್ತಿಯಲ್ಲಿದೆ, ದೋಷಕ್ಕೂ ಕಾರಣಕ್ಕೂ ನಿಯತಸಂಬಂಧ ತೋರುವುದರಲ್ಲಿದೆ. ಅದಕ್ಕೆ ಕೊಡುವ ಅರ್ಥವಾದ ತಪ್ಪಿದರೆ ವಿಧಿ ಬಿದ್ದುಹೋಗುವುದಿಲ್ಲ. ಚಿನ್ನ ಮಾಡುವೆವೆಂಬ ರಸವಾದಿಗಳನ್ನು ಬಿರಿಂಗುಚ್ಚೊ ಖಂಡಿಸುವುದೂ ಇದೇ ನೆಲೆಯಲ್ಲಿ ನಿಂತು: ಅವರ ಮಾತಿಗೆ ಫಲದ ಸಾಕ್ಷಿಯಿಲ್ಲ.

ಆಕಾರವೇ ಸಂಪಾದ್ಯವಾದರೆ ಲೋಹದ ನಿತ್ಯತ್ವಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಇದೆ, ಆದರೆ ಶಿಲ್ಪಕ್ಕೆ ಪ್ರತಿಕೂಲವಾಗಿ. ಮಿಲಾನಿನಲ್ಲಿ ಲಿಯೊನಾರ್ಡೊ ಮಾಡಬೇಕೆಂದಿದ್ದ ದೈತ್ಯಾಶ್ವಕ್ಕೆ ಕೂಡಿಟ್ಟ ಕಂಚು 1494ರಲ್ಲಿ ಫಿರಂಗಿಗಳಿಗಾಗಿ ಫೆರಾರಾಕ್ಕೆ ಹೋಯಿತು. ಬೊಲೊನ್ಯದ ಜೂಲಿಯಸನನ್ನು 1511ರಲ್ಲಿ ಕೆಡವಿದಾಗ ಅದೂ ಫೆರಾರಾದ ಡ್ಯೂಕ್ ಅಲ್ಫೊನ್ಸೊನ ಕುಲುಮೆ ಸೇರಿ ‘ಜೂಲಿಯಾ’ ಎಂಬ ಫಿರಂಗಿಯಾಯಿತು. ದ್ರವ್ಯ ಉಳಿಯಿತು, ಮೈಕೆಲೇಂಜಲೊನ ಮೂರ್ತಿ ಹೋಯಿತು.

ಕೊನೆಯದು ಕರ್ತೃವಿಚಾರ. ಆಕೃತಿಯನ್ನು ಕಲ್ಪಿಸಿದವನು ಒಬ್ಬ, ಹೊಯ್ದವನು ಇನ್ನೊಬ್ಬ ಆದಾಗ ಎರಕ ಯಾರದು? ಫ್ಲಾರೆನ್ಸಿನ ಶಿಲ್ಪಿ ಗಿಬರ್ಟಿಯಂತೆ ಎರಡೂ ಒಬ್ಬನೇ ಆದರೆ ವಿವಾದವಿಲ್ಲ. 1401ರ ಸ್ಪರ್ಧೆಯಲ್ಲಿ ಅವನ ಫಲಕ ಬಹುಪಾಲು ಒಂದೇ ತುಂಡಾಗಿ ಬಂದು, ತುಂಡುಗಳನ್ನು ಜೋಡಿಸಿದ ಬ್ರುನೆಲೆಸ್ಕಿಯ ಫಲಕಕ್ಕಿಂತ ಸುಮಾರು 7 ಕಿಲೋ ಹಗುರವಾಗಿತ್ತು; ಸ್ಪರ್ಧೆಯನ್ನು ಏರ್ಪಡಿಸಿ ಕಂಚಿನ ಖರ್ಚು ನೋಡುವ ವರ್ತಕಸಂಘಕ್ಕೆ ಅದು ಅಲಕ್ಷಿಸುವ ಸಂಗತಿಯಲ್ಲ. ವಿವಾದವಿರುವುದು ವೆನಿಸ್ಸಿನ ಕೊಲಿಯೋನಿ ಅಶ್ವಾರೂಢ ಪ್ರತಿಮೆಯಂಥ ಕಡೆ. ವೆರ್ರೊಕ್ಕಿಯೊ ಮಾದರಿ ಮಾಡಿ 1488ರಲ್ಲಿ ತೀರಿಕೊಂಡನು. ಅಲೆಸಾಂಡ್ರೊ ಲಿಯೋಪಾರ್ಡಿ ಹೊಯ್ದು 1496ರ ಹೊತ್ತಿಗೆ ನಿಲ್ಲಿಸಿದನು, ಕುದುರೆಯ ಹೊಟ್ಟೆಪಟ್ಟಿಯ ಮೇಲೆ ತನ್ನ ಹೆಸರನ್ನು ಹಾಕಿಕೊಂಡನು. ಪ್ರಯೋಜಕಕರ್ತೃ, ಪ್ರಯೋಜ್ಯಕರ್ತೃ ಎಂಬ ವೈಯಾಕರಣರ ಭೇದ ಇಲ್ಲಿ ಪೂರ್ತಿ ಹೊಂದುವುದಿಲ್ಲ; ಸತ್ತವನು ಪ್ರೇರಿಸಲಾರನು. ಅಚ್ಚು ಪ್ರಧಾನವೆಂದು ಸಿದ್ಧವಾಗಿರುವುದರಿಂದ ಅಚ್ಚನ್ನು ಕಟ್ಟಿದವನೇ ಎರಕದ ಕರ್ತೃ. ಮಾದರಿ ಮಾಡಿದವನು ಆಕೃತಿಯ ಕರ್ತೃ. ಲಿಯೋಪಾರ್ಡಿ ತನ್ನ ಹೆಸರೊಂದನ್ನೇ ಹಾಕಿದ್ದು ಅತಿಕ್ರಮ. ಇಂದಿನ ಕೈಪಿಡಿಗಳು ವೆರ್ರೊಕ್ಕಿಯೊನ ಹೆಸರೊಂದನ್ನೇ ಹೇಳಿ ಮುಗಿಸುವುದೂ ಅಷ್ಟೇ ಅತಿಕ್ರಮ.